ಹಳೆಯ ಆಫೀಸ್ ತಂತ್ರಾಂಶದಲ್ಲಿ ಆಬ್ಜೆಕ್ಟ್ ಸೇರಿಸುವಾಗ ಬರುವ ದೋಷಗಳು: ಮೂಲ ಪತ್ತೆ ಮಾಡಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ವರ್ಡ್ ಡಾಕ್ಯುಮೆಂಟಿಗೆ ಎಕ್ಸೆಲ್ ಕೋಷ್ಟಕವನ್ನೋ ಪಿಡಿಎಫ್ ಫೈಲನ್ನೋ ಸಮೀಕರಣವನ್ನೋ ಸೇರಿಸಲು ಹೊರಟಾಗ ದೋಷ ಸಂದೇಶ ಎದುರಾದರೆ, ಬಹಳಷ್ಟು ಮಂದಿ ಆಫೀಸ್ ತಂತ್ರಾಂಶವನ್ನೇ ಪೂರ್ತಿ ತೆಗೆದುಹಾಕಿ ಹೊಸದಾಗಿ ಅಳವಡಿಸಲು ಮುಂದಾಗುತ್ತಾರೆ. ಅರ್ಧ ದಿನ ಅದರಲ್ಲೇ ಕಳೆದ ಮೇಲೂ ಅದೇ ಸಂದೇಶ ಮತ್ತೆ ಬರುವುದುಂಟು. ಅದಕ್ಕೆ ಕಾರಣವಿದೆ. ಇಂಥ ದೋಷಗಳಿಗೆ ಮೂಲವಾಗುವ ತಾತ್ಕಾಲಿಕ ಫೈಲುಗಳು, ನಾರ್ಮಲ್ ಟೆಂಪ್ಲೇಟ್ (ಹೊಸ ಡಾಕ್ಯುಮೆಂಟುಗಳಿಗೆ ವರ್ಡ್ ಬಳಸುವ ಮಾದರಿ ಫೈಲ್) ಮತ್ತು ಸೆಟ್ಟಿಂಗುಗಳು ಬಳಕೆದಾರರ ಖಾತೆಗೆ ಸೇರಿದವು. ಆಫೀಸನ್ನು ತೆಗೆದುಹಾಕಿದರೂ ಅವು ಸಾಮಾನ್ಯವಾಗಿ ಇದ್ದಲ್ಲೇ ಉಳಿಯುತ್ತವೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಮರುಅಳವಡಿಕೆಯನ್ನು ಕಡೆಯ ಉಪಾಯವಾಗಿ ಇಟ್ಟುಕೊಂಡು, ದೋಷ ಯಾರ ಕಡೆಯದು ಎಂಬುದನ್ನು ಮೊದಲು ಪತ್ತೆ ಮಾಡುವ ಕ್ರಮವನ್ನು ವಿವರಿಸಲಾಗಿದೆ. ಇಲ್ಲಿ ಹೇಳಿರುವುದು ಮುಖ್ಯವಾಗಿ ವಿಂಡೋಸ್ ಮೇಲೆ ನಡೆಯುವ ಮೈಕ್ರೋಸಾಫ್ಟ್ ಆಫೀಸ್ 2003, 2007 ಮತ್ತು 2010ರ ಆವೃತ್ತಿಗಳಿಗೆ ಸಂಬಂಧಿಸಿದ್ದು. 2013ರ ಆವೃತ್ತಿಗೂ ಇದರಲ್ಲಿ ಹೆಚ್ಚಿನವು ಒಪ್ಪುತ್ತವೆ.

ಆಬ್ಜೆಕ್ಟ್ ಸೇರಿಸುವಾಗ ಒಳಗೆ ನಡೆಯುವುದೇನು

ಒಂದು ತಂತ್ರಾಂಶದಲ್ಲಿ ತಯಾರಾದುದನ್ನು, ಅಂದರೆ ಆಬ್ಜೆಕ್ಟನ್ನು, ಇನ್ನೊಂದರ ಡಾಕ್ಯುಮೆಂಟಿನಲ್ಲಿ ಇರಿಸುವ ಈ ವ್ಯವಸ್ಥೆಗೆ ಓಎಲ್‌ಇ ಎಂದು ಹೆಸರು. ಇದರಲ್ಲಿ ಎರಡು ಬಗೆಯಿದೆ. ಹುದುಗಿಸಿದರೆ ಆಬ್ಜೆಕ್ಟಿನ ಇಡೀ ಮಾಹಿತಿ ಡಾಕ್ಯುಮೆಂಟಿನ ಒಳಗೇ ಬಂದು ಸೇರುತ್ತದೆ. ಲಿಂಕ್ ಮಾಡಿದರೆ ಮೂಲ ಫೈಲ್ ಎಲ್ಲಿದೆ ಎಂಬ ವಿಳಾಸ ಮಾತ್ರ ದಾಖಲಾಗುತ್ತದೆ. ಎರಡರಲ್ಲಿ ಯಾವುದನ್ನು ಆರಿಸಿದರೂ ಡಾಕ್ಯುಮೆಂಟಿನಲ್ಲಿ ಆ ಆಬ್ಜೆಕ್ಟಿನ ಒಂದು ಚಿತ್ರವೂ ಉಳಿಯುತ್ತದೆ. ತೆರೆಯ ಮೇಲೆ ಕಾಣುವುದು, ಮುದ್ರಣದಲ್ಲಿ ಬರುವುದು ಈ ಚಿತ್ರವೇ. ಅದರ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದಾಗ ಮಾತ್ರ ವರ್ಡ್, ಆಬ್ಜೆಕ್ಟನ್ನು ಸೃಷ್ಟಿಸಿದ ತಂತ್ರಾಂಶ ಯಾವುದೆಂದು ವಿಂಡೋಸ್ ರಿಜಿಸ್ಟ್ರಿಯಲ್ಲಿ (ತಂತ್ರಾಂಶಗಳ ನೋಂದಣಿ ಮತ್ತು ಸೆಟ್ಟಿಂಗುಗಳನ್ನು ವಿಂಡೋಸ್ ದಾಖಲಿಸಿಡುವ ಕಡತದಲ್ಲಿ) ಹುಡುಕಿ, ಆ ತಂತ್ರಾಂಶವನ್ನು ಎಬ್ಬಿಸಿ, ಮಾಹಿತಿಯನ್ನು ಅದರ ಕೈಗೆ ಒಪ್ಪಿಸುತ್ತದೆ.

ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಗೊಂದಲಗಳಲ್ಲಿ ಹೆಚ್ಚಿನವು ತಿಳಿಯಾಗುತ್ತವೆ. ಕೋಷ್ಟಕ ಕಣ್ಣಿಗೆ ಕಾಣುತ್ತಿದೆ ಎಂದ ಮಾತ್ರಕ್ಕೆ ಅದರ ಹಿಂದಿನ ಮಾಹಿತಿ ಸರಿಯಾಗಿದೆ ಎಂದು ಹೇಳಲಾಗದು; ಹಾಗೆಯೇ ಕ್ಲಿಕ್ ಮಾಡಿದಾಗ ತೆರೆಯಲಿಲ್ಲ ಎಂದ ಮಾತ್ರಕ್ಕೆ ಮಾಹಿತಿ ಹೋಯಿತು ಎಂದು ಗಾಬರಿಯಾಗಬೇಕಿಲ್ಲ. ತೆರೆಯದ ಆಬ್ಜೆಕ್ಟನ್ನು ಹಾಳಾಗಿದೆ ಎಂದು ಭಾವಿಸಿ ಅಳಿಸಿಬಿಡುವುದು ಈ ವಿಷಯದಲ್ಲಿ ಆಗುವ ಅತಿ ದೊಡ್ಡ ನಷ್ಟ, ಮತ್ತು ಅದು ಪೂರ್ತಿ ತಪ್ಪಿಸಬಹುದಾದ ನಷ್ಟ.

ಕೈ ಹಾಕುವ ಮೊದಲು

ಮೊದಲಿಗೆ ಡಾಕ್ಯುಮೆಂಟಿನ ಒಂದು ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿ ಇರಿಸಿಕೊಂಡು, ಎಲ್ಲ ಪ್ರಯೋಗಗಳನ್ನೂ ಆ ಪ್ರತಿಯ ಮೇಲೆಯೇ ಮಾಡಬೇಕು. ದೋಷ ಸಂದೇಶವನ್ನು ಅಕ್ಷರ ಬಿಡದೆ ಬರೆದಿಟ್ಟುಕೊಳ್ಳಬೇಕು. 'ಆಬ್ಜೆಕ್ಟ್ ಸೇರಿಸಲಾಗದು' ಎಂಬ ಸಂದೇಶಕ್ಕೂ 'ಇದನ್ನು ಸೃಷ್ಟಿಸಿದ ತಂತ್ರಾಂಶ ಸ್ಪಂದಿಸುತ್ತಿಲ್ಲ' ಎಂಬ ಸಂದೇಶಕ್ಕೂ ಪರಿಹಾರಗಳು ಬೇರೆ ಬೇರೆ.

ಅನಂತರ ಮೂರು ಪರೀಕ್ಷೆಗಳು. ಹೊಸ ಖಾಲಿ ಡಾಕ್ಯುಮೆಂಟ್ ತೆರೆದು ಅದೇ ಆಬ್ಜೆಕ್ಟನ್ನು ಸೇರಿಸಿ ನೋಡಬೇಕು. ಅಲ್ಲಿ ಸರಿಯಾಗಿ ಸೇರಿದರೆ ದೋಷ ಹಳೆಯ ಡಾಕ್ಯುಮೆಂಟಿನದು. ಅಲ್ಲಿಯೂ ಸೇರದಿದ್ದರೆ ಬೇರೆ ಬಗೆಯ ಆಬ್ಜೆಕ್ಟನ್ನು, ಉದಾಹರಣೆಗೆ ಎಕ್ಸೆಲ್ ಹಾಳೆಯ ಬದಲು ಬಿಟ್‌ಮ್ಯಾಪ್ ಚಿತ್ರವನ್ನು, ಸೇರಿಸಿ ನೋಡಬೇಕು. ಅದು ಸೇರಿದರೆ ವರ್ಡ್ ಸರಿಯಾಗಿದ್ದು, ದೋಷ ಎಕ್ಸೆಲ್ ಕಡೆಯಲ್ಲೋ ಅದರ ನೋಂದಣಿಯಲ್ಲೋ ಇದೆ. ಮೂರನೆಯದಾಗಿ, ಸೇರಿಸಬೇಕಾದ ಫೈಲನ್ನು ಅದರದೇ ತಂತ್ರಾಂಶದಲ್ಲಿ ನೇರವಾಗಿ ತೆರೆದು ನೋಡಬೇಕು. ಪಾಸ್‌ವರ್ಡ್ ಕೇಳುತ್ತಿದ್ದರೆ, ಮ್ಯಾಕ್ರೋ ಎಚ್ಚರಿಕೆ ಬರುತ್ತಿದ್ದರೆ, ಫೈಲೇ ತೆರೆಯದಿದ್ದರೆ ಕಾರಣ ಅಲ್ಲಿಯೇ ಸಿಕ್ಕಿತು. ಐದು ನಿಮಿಷದ ಈ ಪರೀಕ್ಷೆಗಳನ್ನು ಮಾಡದೆ ಎಲ್ಲ ರೋಗಕ್ಕೂ ಒಂದೇ ಮದ್ದು ಕೊಡುವವರ ಹಾಗೆ ರಿಪೇರಿಗೆ ಇಳಿಯಬಾರದು.

ಆಜ್ಞೆಯೇ ಮಸುಕಾಗಿದ್ದರೆ

2003ರಲ್ಲಿ 'ಇನ್ಸರ್ಟ್' ಮೆನುವಿನಲ್ಲಿ, 2007 ಮತ್ತು 2010ರಲ್ಲಿ 'ಇನ್ಸರ್ಟ್' ಟ್ಯಾಬಿನ 'ಟೆಕ್ಸ್ಟ್' ಗುಂಪಿನಲ್ಲಿ ಇರುವ 'ಆಬ್ಜೆಕ್ಟ್' ಆಜ್ಞೆ ಮಸುಕಾಗಿ ಕಂಡರೆ, ಸಾಮಾನ್ಯವಾಗಿ ಯಾವುದೋ ರಕ್ಷಣೆ ಜಾರಿಯಲ್ಲಿದೆ ಎಂದು ತಿಳಿಯಬೇಕು. ವರ್ಡ್‌ನಲ್ಲಿ ಫಾರ್ಮ್ ತುಂಬಲು ಮಾತ್ರ ಅನುಮತಿಸುವ ರಕ್ಷಣೆಯಿದ್ದರೆ 2003ರಲ್ಲಿ 'ಟೂಲ್ಸ್' ಮೆನುವಿನಿಂದ, ನಂತರದ ಆವೃತ್ತಿಗಳಲ್ಲಿ 'ರಿವ್ಯೂ' ಟ್ಯಾಬಿನಿಂದ ಅದನ್ನು ತೆಗೆಯಬಹುದು. 2010ರಲ್ಲಿ ಇಮೇಲಿನಿಂದಲೋ ಅಂತರ್ಜಾಲದಿಂದಲೋ ಬಂದ ಫೈಲ್ 'ಪ್ರೊಟೆಕ್ಟೆಡ್ ವ್ಯೂ'ನಲ್ಲಿ ತೆರೆದುಕೊಳ್ಳುತ್ತದೆ. ಕಳುಹಿಸಿದವರು ನಂಬಿಕಸ್ತರು ಎಂದು ಖಾತ್ರಿಯಾದ ಮೇಲೆ ಮೇಲಿನ ಪಟ್ಟಿಯಲ್ಲಿರುವ 'ಎನೇಬಲ್ ಎಡಿಟಿಂಗ್' ಒತ್ತಿದರೆ ಸಾಕು.

ಎಕ್ಸೆಲ್‌ನಲ್ಲಿ ಇನ್ನೆರಡು ಕಾರಣಗಳಿವೆ. ಹಲವರು ಏಕಕಾಲಕ್ಕೆ ಬಳಸುವಂತೆ ಹಂಚಿಕೊಂಡ ವರ್ಕ್‌ಬುಕ್ಕಿನಲ್ಲಿ ಚಿತ್ರ, ಚಾರ್ಟ್, ಆಬ್ಜೆಕ್ಟ್‌ಗಳನ್ನು ಸೇರಿಸಲು ಆಸ್ಪದವೇ ಇಲ್ಲ. ಹಂಚಿಕೆಯನ್ನು ನಿಲ್ಲಿಸಿ, ಸೇರಿಸಿ, ಮತ್ತೆ ಹಂಚಿಕೊಳ್ಳಬೇಕು. ಎರಡನೆಯದು, ಅರಿವಿಲ್ಲದೆ ಒತ್ತಿದ ಕಂಟ್ರೋಲ್ ಮತ್ತು 6. ಈ ಜೋಡಿ ಕೀಲಿ ಹಾಳೆಯಲ್ಲಿರುವ ಎಲ್ಲ ಆಬ್ಜೆಕ್ಟ್‌ಗಳನ್ನೂ ಅಡಗಿಸುತ್ತದೆ. ಅಡಗಿಸಿದ ಸ್ಥಿತಿಯಲ್ಲಿ ಹೊಸದನ್ನು ಸೇರಿಸುವ ಗುಂಡಿಗಳೂ ಮಸುಕಾಗುತ್ತವೆ. ಅದೇ ಕೀಲಿಗಳನ್ನು ಮತ್ತೆ ಒತ್ತಿದರೆ ಎಲ್ಲವೂ ಮರಳುತ್ತದೆ. ಚಾರ್ಟ್‌ಗಳೆಲ್ಲ ಮಾಯವಾದವು ಎಂದು ಹಳೆಯ ಪ್ರತಿಗಾಗಿ ಹುಡುಕಾಡುವ ಮೊದಲು ಇದನ್ನು ಪ್ರಯತ್ನಿಸಲೇಬೇಕು.

ಸೃಷ್ಟಿಸಿದ ತಂತ್ರಾಂಶ ಸ್ಪಂದಿಸದಿದ್ದರೆ

ಅತಿ ಹೆಚ್ಚು ಕಾಡುವ ಸಂದೇಶ ಇದೇ: ಈ ಆಬ್ಜೆಕ್ಟನ್ನು ಸೃಷ್ಟಿಸಿದ ತಂತ್ರಾಂಶ ಎಕ್ಸೆಲ್, ಅದು ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲ ಅಥವಾ ಸ್ಪಂದಿಸುತ್ತಿಲ್ಲ ಎಂದು ವರ್ಡ್ ಹೇಳುತ್ತದೆ. ಎಕ್ಸೆಲ್ ಕಣ್ಣೆದುರೇ ತೆರೆದಿರುವಾಗ ಈ ಮಾತು ಅಸಂಬದ್ಧವೆನಿಸಬಹುದು, ಆದರೆ ತೆರೆದಿರುವುದೇ ಹಲವು ಸಲ ಕಾರಣ. ಎಕ್ಸೆಲ್‌ನಲ್ಲಿ ಯಾವುದಾದರೂ ಸಂವಾದ ಪೆಟ್ಟಿಗೆ ಉತ್ತರಕ್ಕಾಗಿ ಕಾಯುತ್ತಿದ್ದರೆ, ಇಲ್ಲವೇ ಯಾವುದೋ ಕೋಶದೊಳಗೆ ಕರ್ಸರ್ ಮಿನುಗುತ್ತಾ ಬರವಣಿಗೆ ಅರ್ಧಕ್ಕೆ ನಿಂತಿದ್ದರೆ, ಅದು ಬೇರೆ ತಂತ್ರಾಂಶದ ಕರೆಗೆ ಓಗೊಡುವುದಿಲ್ಲ. ಪೆಟ್ಟಿಗೆಯನ್ನು ಮುಚ್ಚಿ, ಕೋಶದಿಂದ ಹೊರಬರಲು ಎಸ್ಕೇಪ್ ಒತ್ತಿ, ಮತ್ತೆ ಪ್ರಯತ್ನಿಸಬೇಕು. ಸಂವಾದ ಪೆಟ್ಟಿಗೆಗಳು ಒಮ್ಮೊಮ್ಮೆ ಬೇರೆ ಕಿಟಕಿಗಳ ಹಿಂದೆ ಮರೆಯಾಗಿರುವುದರಿಂದ ಎಲ್ಲ ಕಿಟಕಿಗಳನ್ನೂ ಕುಗ್ಗಿಸಿ ನೋಡುವುದು ಒಳ್ಳೆಯದು.

ಎಕ್ಸೆಲ್ ಎಲ್ಲಿಯೂ ಕಾಣದಿದ್ದರೂ ಟಾಸ್ಕ್ ಮ್ಯಾನೇಜರ್ ತೆರೆದು ಪ್ರಕ್ರಿಯೆಗಳ ಪಟ್ಟಿಯನ್ನು ಪರಿಶೀಲಿಸಬೇಕು. ಹಿಂದಿನ ಯಾವುದೋ ವಿಫಲ ಪ್ರಯತ್ನದಲ್ಲಿ ಎಚ್ಚರಗೊಂಡ ಎಕ್ಸೆಲ್ ಕಿಟಕಿಯಿಲ್ಲದೆ ಹಿನ್ನೆಲೆಯಲ್ಲಿ ಸಿಕ್ಕಿಕೊಂಡಿದ್ದರೆ, ಹೊಸ ಕರೆಗಳೆಲ್ಲ ಅದಕ್ಕೇ ಹೋಗಿ ನಿಲ್ಲುತ್ತವೆ. ಉಳಿಸಬೇಕಾದ ಎಲ್ಲ ಎಕ್ಸೆಲ್ ಕೆಲಸವನ್ನೂ ಉಳಿಸಿ, ತೆರೆದಿರುವ ಎಕ್ಸೆಲ್ ಕಿಟಕಿಗಳನ್ನು ಮುಚ್ಚಿದ ಮೇಲೂ ಪಟ್ಟಿಯಲ್ಲಿ ಉಳಿದಿರುವ ಪ್ರಕ್ರಿಯೆಯನ್ನು ಕೊನೆಗೊಳಿಸಬಹುದು. ಮತ್ತೊಂದು ಸಂದೇಶ, ಬೇರೊಂದು ತಂತ್ರಾಂಶ ಓಎಲ್‌ಇ ಕ್ರಿಯೆ ಮುಗಿಸುವುದನ್ನು ಎಕ್ಸೆಲ್ ಕಾಯುತ್ತಿದೆ ಎಂಬುದು, ಇದೇ ಸ್ಥಿತಿಯನ್ನು ಎಕ್ಸೆಲ್ ತನ್ನ ಕಡೆಯಿಂದ ಹೇಳುವ ಬಗೆ.

ಇದರಿಂದಲೂ ಸರಿಹೋಗದಿದ್ದರೆ ಒಂದು ಸೆಟ್ಟಿಂಗನ್ನು ನೋಡಬೇಕು. ಎಕ್ಸೆಲ್ 2003ರಲ್ಲಿ 'ಟೂಲ್ಸ್', 'ಆಪ್ಷನ್ಸ್', 'ಜನರಲ್' ಎಂಬಲ್ಲಿ, 2007 ಮತ್ತು 2010ರಲ್ಲಿ 'ಎಕ್ಸೆಲ್ ಆಪ್ಷನ್ಸ್' ಒಳಗಿನ 'ಅಡ್ವಾನ್ಸ್ಡ್' ಪುಟದ 'ಜನರಲ್' ಭಾಗದಲ್ಲಿ, ಇತರ ತಂತ್ರಾಂಶಗಳನ್ನು ನಿರ್ಲಕ್ಷಿಸು ಎಂಬ ಅರ್ಥದ ಆಯ್ಕೆಯಿದೆ. ಅದಕ್ಕೆ ಗುರುತು ಬಿದ್ದಿದ್ದರೆ ಎಕ್ಸೆಲ್ ಹೊರಗಿನಿಂದ ಬರುವ ಡಿಡಿಇ (ತಂತ್ರಾಂಶಗಳು ಪರಸ್ಪರ ಮಾಹಿತಿ ಕಳಿಸುವ ಹಳೆಯ ವಿಧಾನ) ಕೋರಿಕೆಗಳನ್ನು ಕೇಳಿಸಿಕೊಳ್ಳುವುದಿಲ್ಲ. ಗುರುತನ್ನು ತೆಗೆದು ಎಕ್ಸೆಲ್ ಮುಚ್ಚಿ ತೆರೆಯಬೇಕು.

ಸುಲಭವಾಗಿ ಕಣ್ಣಿಗೆ ಬೀಳದ ಇನ್ನೊಂದು ಕಾರಣ ಅಧಿಕಾರದ ಅಂತರ. ವಿಂಡೋಸ್ ವಿಸ್ಟಾದಿಂದ ಈಚೆಗೆ, ಒಂದು ತಂತ್ರಾಂಶವನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿಯೂ ಇನ್ನೊಂದನ್ನು ಸಾಮಾನ್ಯ ಅಧಿಕಾರದಲ್ಲಿಯೂ ತೆರೆದಿದ್ದರೆ ಅವೆರಡರ ನಡುವಿನ ಮಾತುಕತೆಗೆ ತಡೆ ಬೀಳುತ್ತದೆ. ಎಕ್ಸೆಲ್ ಶಾರ್ಟ್‌ಕಟ್ಟಿನ ಪ್ರಾಪರ್ಟೀಸ್ ತೆರೆದು, 'ಕಂಪ್ಯಾಟಿಬಿಲಿಟಿ' ಟ್ಯಾಬಿನಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ನಡೆಸು ಎಂಬುದಕ್ಕೆ ಯಾರಾದರೂ ಗುರುತು ಹಾಕಿದ್ದಾರೆಯೇ ಎಂದು ನೋಡಿ ತೆಗೆಯಬೇಕು.

ರಿಜಿಸ್ಟ್ರಿಯ ನಮೂದು ಕೆಟ್ಟಿದೆ ಎಂಬ ಅನುಮಾನವಿದ್ದರೆ, ವಿಶೇಷವಾಗಿ ಒಂದೇ ಕಂಪ್ಯೂಟರಿನಲ್ಲಿ ಆಫೀಸಿನ ಎರಡು ಆವೃತ್ತಿಗಳಿದ್ದು ಒಂದನ್ನು ತೆಗೆದುಹಾಕಿದ ಮೇಲೆ ತೊಂದರೆ ಶುರುವಾಗಿದ್ದರೆ, ಎಕ್ಸೆಲ್ ತನ್ನನ್ನು ತಾನೇ ಮರುನೋಂದಾಯಿಸಿಕೊಳ್ಳುವಂತೆ ಮಾಡಬಹುದು. ವಿಂಡೋಸ್ ಕೀಲಿಯೊಂದಿಗೆ ಆರ್ ಒತ್ತಿ, ಬರುವ 'ರನ್' ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಎಕ್ಸೆಲ್ ಎಂದು ಬರೆದು, ಒಂದು ಖಾಲಿ ಜಾಗ ಬಿಟ್ಟು, ಮುಂದೆ ಬಾಗಿದ ಓರೆಗೆರೆಯೊಂದಿಗೆ ರೆಗ್‌ಸರ್ವರ್ ಎಂದು ಸೇರಿಸಿ ಎಂಟರ್ ಒತ್ತಬೇಕು. ವರ್ಡ್‌ಗಾದರೆ ವಿನ್‌ವರ್ಡ್ ಎಂಬುದರ ಮುಂದೆ ಓರೆಗೆರೆ ಮತ್ತು ಆರ್ ಅಕ್ಷರ ಸಾಕು.

ಆವೃತ್ತಿಯ ವ್ಯತ್ಯಾಸವನ್ನೂ ಮರೆಯಬಾರದು. 2003ರವರೆಗಿನ ಎಕ್ಸೆಲ್ ಹಾಳೆಯನ್ನು ರಿಜಿಸ್ಟ್ರಿ 'ಎಕ್ಸೆಲ್.ಶೀಟ್.8' ಎಂಬ ಹೆಸರಿನಿಂದ ಗುರುತಿಸಿದರೆ, 2007ರಿಂದ ಮುಂದಿನ ರೂಪದ ಹಾಳೆಗೆ 'ಎಕ್ಸೆಲ್.ಶೀಟ್.12' ಎಂಬ ಹೆಸರಿದೆ. ಹೊಸ ರೂಪದ ಹಾಳೆಯನ್ನು ಹುದುಗಿಸಿಕೊಂಡ ಡಾಕ್ಯುಮೆಂಟನ್ನು ಬರಿಯ 2003 ಇರುವ ಯಂತ್ರದಲ್ಲಿ ತೆರೆದರೆ ಚಿತ್ರ ಕಾಣುತ್ತದೆ, ತಿದ್ದಲು ಬರುವುದಿಲ್ಲ. ಆಬ್ಜೆಕ್ಟಿನ ಮೇಲೆ ಬಲಗುಂಡಿ ಒತ್ತಿ 'ಕನ್ವರ್ಟ್' ಆರಿಸಿದರೆ ಅದು ಯಾವ ಬಗೆಯದು ಎಂಬುದು ಅಲ್ಲೇ ಕಾಣಿಸುತ್ತದೆ.

ಪಿಡಿಎಫ್ ಸೇರಿಸುವಾಗ

ಪಿಡಿಎಫ್ ವಿಷಯದಲ್ಲಿ ಸಂದೇಶದಲ್ಲಿ ಸಾಮಾನ್ಯವಾಗಿ 'ಆಕ್ರೋಎಕ್ಸ್‌ಚ್' ಎಂಬ ಹೆಸರು ಬರುತ್ತದೆ. ಅದು ಅಡೋಬಿ ಆಕ್ರೋಬ್ಯಾಟ್ ಮತ್ತು ರೀಡರ್ ತಮ್ಮನ್ನು ನೋಂದಾಯಿಸಿಕೊಂಡಿರುವ ಹೆಸರು. 2010ರಲ್ಲಿ ಬಂದ ರೀಡರ್ ಹತ್ತನೆಯ ಆವೃತ್ತಿಯಿಂದ, ಅಪಾಯಕಾರಿ ಫೈಲುಗಳು ಯಂತ್ರಕ್ಕೆ ಹಾನಿ ಮಾಡದಂತೆ ರೀಡರ್ ತನ್ನನ್ನು ಬೇಲಿಯೊಳಗೆ ಇಟ್ಟುಕೊಂಡು ಕೆಲಸ ಮಾಡುತ್ತದೆ. 'ಪ್ರೊಟೆಕ್ಟೆಡ್ ಮೋಡ್' ಎಂಬ ಈ ಬೇಲಿ ವರ್ಡ್‌ನ ಕರೆಯನ್ನೂ ತಡೆಯಬಹುದು. ರೀಡರ್‌ನ 'ಎಡಿಟ್' ಮೆನುವಿನ 'ಪ್ರಿಫರೆನ್ಸಸ್' ಒಳಗೆ, ಆವೃತ್ತಿಗೆ ತಕ್ಕಂತೆ 'ಜನರಲ್' ಅಥವಾ 'ಸೆಕ್ಯುರಿಟಿ ಎನ್‌ಹ್ಯಾನ್ಸ್ಡ್' ವಿಭಾಗದಲ್ಲಿ, ಇದರ ಗುರುತು ತೆಗೆದು, ರೀಡರ್ ಪೂರ್ತಿ ಮುಚ್ಚಿ, ಪಿಡಿಎಫ್ ಸೇರಿಸಬೇಕು. ಕೆಲಸ ಮುಗಿದ ತಕ್ಷಣ ಆ ಗುರುತನ್ನು ಮರಳಿ ಹಾಕುವುದು ಕಡ್ಡಾಯ ಎಂದೇ ಭಾವಿಸಬೇಕು, ಏಕೆಂದರೆ ಹೊರಗಿನಿಂದ ಬರುವ ಪಿಡಿಎಫ್‌ಗಳ ವಿರುದ್ಧ ಅದು ನಿಜವಾದ ರಕ್ಷಣೆ. ಓದುಗರಿಗೆ ಪಿಡಿಎಫ್‌ನ ಒಂದು ಪುಟವನ್ನು ತೋರಿಸುವುದಷ್ಟೇ ಉದ್ದೇಶವಾಗಿದ್ದರೆ ಆ ಪುಟವನ್ನು ಚಿತ್ರವಾಗಿ ಸೇರಿಸುವುದೇ ಮೇಲು.

ಅಪ್‌ಡೇಟ್ ಆದ ಮೇಲೆ ಗುಂಡಿಗಳು ಕೆಲಸ ನಿಲ್ಲಿಸಿದರೆ

ಎಕ್ಸೆಲ್ ಹಾಳೆಗೆ ಕಮಾಂಡ್ ಗುಂಡಿ, ಚೆಕ್‌ಬಾಕ್ಸ್ ಮುಂತಾದ ಆಕ್ಟಿವ್‌ಎಕ್ಸ್ ನಿಯಂತ್ರಕಗಳನ್ನು ಸೇರಿಸುವಾಗ 'ಆಬ್ಜೆಕ್ಟ್ ಸೇರಿಸಲಾಗದು' ಎಂಬ ಸಂದೇಶ 2014ರ ಡಿಸೆಂಬರ್‌ನಲ್ಲಿ ಬಂದ ಭದ್ರತಾ ಅಪ್‌ಡೇಟ್ ನಂತರ 2007, 2010 ಮತ್ತು 2013ರ ಆವೃತ್ತಿಗಳಲ್ಲಿ ವ್ಯಾಪಕವಾಗಿ ಕಾಣಿಸಿತು. ಆಫೀಸ್ ಈ ನಿಯಂತ್ರಕಗಳ ವಿವರಗಳನ್ನು ಇಎಕ್ಸ್‌ಡಿ ವಿಸ್ತರಣೆಯ ತಾತ್ಕಾಲಿಕ ಫೈಲುಗಳಲ್ಲಿ ಉಳಿಸಿಕೊಳ್ಳುತ್ತದೆ. ಅಪ್‌ಡೇಟ್ ನಿಯಂತ್ರಕಗಳನ್ನು ಬದಲಿಸಿದ ಮೇಲೂ ಹಳೆಯ ವಿವರಗಳು ಹಾಗೆಯೇ ಉಳಿದುದರಿಂದ ಎರಡೂ ಹೊಂದಲಿಲ್ಲ. ಆಫೀಸನ್ನು ಮತ್ತೆ ಅಳವಡಿಸಿದವರಿಗೂ ಪರಿಹಾರ ಸಿಗದೆ ಹೋದದ್ದು ಇದೇ ಕಾರಣಕ್ಕೆ. ಮಾಡಬೇಕಾದ ಕೆಲಸ ಚಿಕ್ಕದು:

1. ವರ್ಡ್, ಎಕ್ಸೆಲ್, ಔಟ್‌ಲುಕ್ ಸೇರಿ ಆಫೀಸಿನ ಎಲ್ಲ ತಂತ್ರಾಂಶಗಳನ್ನೂ ಮುಚ್ಚಿ.
2. 'ರನ್' ಪೆಟ್ಟಿಗೆಯಲ್ಲಿ ಎರಡು ಶೇಕಡಾ ಚಿಹ್ನೆಗಳ ನಡುವೆ ಇಂಗ್ಲಿಷ್‌ನಲ್ಲಿ ಟೆಂಪ್ ಎಂದು ಬರೆದು ಎಂಟರ್ ಒತ್ತಿ. ತೆರೆಯುವ ಫೋಲ್ಡರಿನಲ್ಲಿ 'ಎಕ್ಸೆಲ್8.0' ಮತ್ತು 'ವಿಬಿಇ' ಎಂಬ ಒಳಫೋಲ್ಡರುಗಳಿದ್ದರೆ ಅವುಗಳಲ್ಲಿರುವ ಇಎಕ್ಸ್‌ಡಿ ಫೈಲುಗಳನ್ನು ಅಳಿಸಿ.
3. ಅದೇ ರೀತಿ ಶೇಕಡಾ ಚಿಹ್ನೆಗಳ ನಡುವೆ ಆ್ಯಪ್‌ಡೇಟಾ ಎಂದು ಬರೆದು ತೆರೆದು, 'ಮೈಕ್ರೋಸಾಫ್ಟ್' ಒಳಗಿನ 'ಫಾರ್ಮ್ಸ್' ಫೋಲ್ಡರಿನಲ್ಲಿರುವ ಇಎಕ್ಸ್‌ಡಿ ಫೈಲುಗಳನ್ನೂ ಅಳಿಸಿ.
4. ಎಕ್ಸೆಲ್ ತೆರೆದು ಗುಂಡಿಯನ್ನು ಸೇರಿಸಿ ನೋಡಿ. ಬೇಕಾದ ಫೈಲುಗಳನ್ನು ಆಫೀಸ್ ತಾನಾಗಿಯೇ ಹೊಸದಾಗಿ ಸೃಷ್ಟಿಸಿಕೊಳ್ಳುತ್ತದೆ.

ಒಂದೇ ಯಂತ್ರವನ್ನು ಹಲವರು ಬೇರೆ ಬೇರೆ ಖಾತೆಗಳಲ್ಲಿ ಬಳಸುತ್ತಿದ್ದರೆ ಪ್ರತಿ ಖಾತೆಯಲ್ಲಿಯೂ ಇದನ್ನು ಮಾಡಬೇಕಾಗುತ್ತದೆ. ಇದಕ್ಕೆ ಸಂಬಂಧಿಸದ ಮತ್ತೊಂದು ಕಾರಣವೆಂದರೆ 64 ಬಿಟ್ ಆಫೀಸ್. ಆಫೀಸ್ 2010ರಲ್ಲಿ ಮೊದಲ ಬಾರಿಗೆ ಬಂದ 64 ಬಿಟ್ ರೂಪದಲ್ಲಿ, 32 ಬಿಟ್‌ಗೆಂದು ತಯಾರಾದ ಆಕ್ಟಿವ್‌ಎಕ್ಸ್ ನಿಯಂತ್ರಕಗಳು ಕೆಲಸ ಮಾಡುವುದಿಲ್ಲ. ಹಳೆಯ ಫಾರ್ಮ್‌ಗಳನ್ನು ಹೆಚ್ಚಾಗಿ ಬಳಸುವವರು 32 ಬಿಟ್ ರೂಪವನ್ನೇ ಇಟ್ಟುಕೊಳ್ಳುವುದು ಸೂಕ್ತ.

ಸಮೀಕರಣಗಳ ವಿಚಾರ

ಹಳೆಯ ಪ್ರಶ್ನೆಪತ್ರಿಕೆ, ಪಠ್ಯ, ಪ್ರಬಂಧಗಳಲ್ಲಿ ಸಮೀಕರಣಗಳನ್ನು 'ಈಕ್ವೇಶನ್ ಎಡಿಟರ್ 3.0' ಬಳಸಿ ಬರೆದಿರುತ್ತಾರೆ. 2017ರಲ್ಲಿ ಈ ಎಡಿಟರಿನಲ್ಲಿ ಗಂಭೀರ ಭದ್ರತಾ ದೋಷ ಬಯಲಾಗಿ, 2018ರ ಜನವರಿಯ ಅಪ್‌ಡೇಟ್ ಮೂಲಕ ಮೈಕ್ರೋಸಾಫ್ಟ್ ಅದನ್ನು ಪೂರ್ತಿಯಾಗಿ ತೆಗೆದುಹಾಕಿತು. ಅಪ್‌ಡೇಟ್ ಪಡೆದ ಯಂತ್ರದಲ್ಲಿ ಹಳೆಯ ಸಮೀಕರಣ ಕಾಣುತ್ತದೆ, ಮುದ್ರಣವೂ ಆಗುತ್ತದೆ, ಆದರೆ ತಿದ್ದಲು ಹೋದರೆ 'ಮೈಕ್ರೋಸಾಫ್ಟ್ ಈಕ್ವೇಶನ್ ಲಭ್ಯವಿಲ್ಲ' ಎಂಬ ಉತ್ತರ ಬರುತ್ತದೆ. ಇಲ್ಲಿ ಯಾವ ರಿಪೇರಿಯೂ ಫಲಿಸದು. ತೆಗೆದುಹಾಕಿದ ಎಡಿಟರಿನ ಫೈಲನ್ನು ಬೇರೆಡೆಯಿಂದ ತಂದು ಇರಿಸುವ ಸಲಹೆಗಳನ್ನು ಖಂಡಿತ ಪಾಲಿಸಬಾರದು. ಆ ದೋಷವನ್ನು ಬಳಸಿಕೊಂಡು ದಾಳಿಗಳು ನಡೆದಿವೆ. ಮ್ಯಾಥ್‌ಟೈಪ್ ತಂತ್ರಾಂಶ ಈ ಹಳೆಯ ಸಮೀಕರಣಗಳನ್ನು ತೆರೆದು ತಿದ್ದಬಲ್ಲದು. ಕೆಲವೇ ಸಮೀಕರಣಗಳಿದ್ದರೆ ವರ್ಡ್ 2007ರಿಂದ ಒಳಗೇ ಇರುವ ಹೊಸ ಸಮೀಕರಣ ಸೌಲಭ್ಯದಲ್ಲಿ, ಆಲ್ಟ್ ಮತ್ತು ಸಮ ಚಿಹ್ನೆಯ ಕೀಲಿ ಒತ್ತಿ, ಮತ್ತೆ ಬರೆಯುವುದು ದೀರ್ಘಕಾಲಕ್ಕೆ ಒಳಿತು. ಇದಕ್ಕೆ ಡಾಕ್ಯುಮೆಂಟ್ ಡಾಕ್‌ಎಕ್ಸ್ ರೂಪದಲ್ಲಿರಬೇಕು. ಹಳೆಯ ಡಾಕ್ ರೂಪದಲ್ಲಿ ಈ ಸೌಲಭ್ಯ ಮಸುಕಾಗಿರುತ್ತದೆ.

ಸೇರಿತು, ಆದರೆ ಸರಿಯಾಗಿ ಕಾಣುತ್ತಿಲ್ಲ

ಆಬ್ಜೆಕ್ಟಿನ ಜಾಗದಲ್ಲಿ ಪುಷ್ಪಾವರಣದೊಳಗೆ 'ಎಂಬೆಡ್' ಎಂದು ಶುರುವಾಗುವ ಸಾಲು ಕಂಡರೆ ಏನೂ ಕೆಟ್ಟಿಲ್ಲ. ಅದು ಆಬ್ಜೆಕ್ಟಿನ ಫೀಲ್ಡ್ ಕೋಡ್. ಆಲ್ಟ್ ಮತ್ತು ಎಫ್9 ಒತ್ತಿದರೆ ಇಡೀ ಡಾಕ್ಯುಮೆಂಟಿನಲ್ಲಿ ಕೋಡ್ ಹೋಗಿ ಚಿತ್ರ ಮರಳುತ್ತದೆ. ಚಿತ್ರದ ಕೆಳಭಾಗದ ಒಂದು ಎಳೆ ಮಾತ್ರ ಕಂಡರೆ, ಆ ಪ್ಯಾರಾದ ಸಾಲಿನ ಅಂತರವನ್ನು 'ಎಕ್ಸಾಕ್ಟ್ಲಿ' ಎಂದು ನಿಗದಿಪಡಿಸಲಾಗಿದೆ ಎಂದರ್ಥ. 'ಸಿಂಗಲ್' ಎಂದು ಬದಲಿಸಿದ ಕೂಡಲೇ ಪೂರ್ಣ ಚಿತ್ರ ತೆರೆದುಕೊಳ್ಳುತ್ತದೆ. ಖಾಲಿ ಚೌಕಟ್ಟು ಮಾತ್ರ ಕಂಡರೆ ವರ್ಡ್ ಆಯ್ಕೆಗಳಲ್ಲಿ 'ಪಿಕ್ಚರ್ ಪ್ಲೇಸ್‌ಹೋಲ್ಡರ್ಸ್' ಗುರುತನ್ನು ತೆಗೆಯಬೇಕು. ಚಿತ್ರ ಫೈಲೇ ಸೇರದಿದ್ದರೆ ಅದರ ನಿಜವಾದ ರೂಪ ಯಾವುದೆಂದು ನೋಡಬೇಕು: ಈಗಿನ ಜಾಲತಾಣಗಳಿಂದ ಇಳಿಸಿಕೊಂಡ ಹಲವು ಚಿತ್ರಗಳು ವೆಬ್‌ಪಿ ರೂಪದಲ್ಲಿರುತ್ತವೆ, ಹೆಸರಿನ ಕೊನೆಯಲ್ಲಿ ಜೆಪಿಜಿ ಎಂದು ಬದಲಿಸಿದ ಮಾತ್ರಕ್ಕೆ ಹಳೆಯ ಆಫೀಸ್ ಅದನ್ನು ಒಪ್ಪುವುದಿಲ್ಲ. ಬೇರೆ ತಂತ್ರಾಂಶದಲ್ಲಿ ತೆರೆದು ಪಿಎನ್‌ಜಿ ಆಗಿ ಉಳಿಸಿ ಸೇರಿಸಬೇಕು.

ಲಿಂಕ್ ತಪ್ಪಿದಾಗ

ಲಿಂಕ್ ಮಾಡಿದ ಆಬ್ಜೆಕ್ಟಿನ ಮೂಲ ಫೈಲನ್ನು ಬೇರೆ ಫೋಲ್ಡರಿಗೆ ಸಾಗಿಸಿದರೆ, ಹೆಸರು ಬದಲಿಸಿದರೆ, ಡಾಕ್ಯುಮೆಂಟನ್ನು ಮಾತ್ರ ಇಮೇಲಿನಲ್ಲಿ ಕಳುಹಿಸಿದರೆ ಲಿಂಕ್ ಮುರಿಯುತ್ತದೆ. 2003ರಲ್ಲಿ 'ಎಡಿಟ್' ಮೆನುವಿನ 'ಲಿಂಕ್ಸ್', 2007ರಲ್ಲಿ ಆಫೀಸ್ ಗುಂಡಿಯ 'ಪ್ರಿಪೇರ್' ಪಟ್ಟಿ, 2010ರಲ್ಲಿ 'ಫೈಲ್' ಟ್ಯಾಬಿನ 'ಇನ್ಫೋ' ಪುಟದ ಮೂಲಕ ಹೋಗಿ 'ಚೇಂಜ್ ಸೋರ್ಸ್' ಒತ್ತಿ ಹೊಸ ಜಾಗವನ್ನು ತೋರಿಸಬೇಕು. ವಿಳಾಸದ ಉದ್ದಕ್ಕೂ ಮಿತಿಯಿದೆ: ಫೋಲ್ಡರುಗಳ ಹೆಸರೂ ಸೇರಿ 218 ಅಕ್ಷರ ಮೀರಿದ ವಿಳಾಸವನ್ನು ಎಕ್ಸೆಲ್ ತೆರೆಯುವುದಿಲ್ಲ. ಫೋಲ್ಡರಿನೊಳಗೆ ಫೋಲ್ಡರ್ ಮಾಡಿ ಉದ್ದುದ್ದ ಹೆಸರಿಡುವ ಕಡೆಗಳಲ್ಲಿ ಇದು ಆಗಾಗ ಎದುರಾಗುತ್ತದೆ.

ಲಿಂಕ್ ತೊಂದರೆ ಬೇಡವೆಂದು ಹುದುಗಿಸುವವರು ಒಂದು ಎಚ್ಚರ ವಹಿಸಬೇಕು. ಫೈಲಿನಿಂದ ಹುದುಗಿಸಿದಾಗ ಕಾಣುವುದು ಒಂದೇ ಹಾಳೆಯಾದರೂ ಒಳಗೆ ಹೋಗುವುದು ಇಡೀ ವರ್ಕ್‌ಬುಕ್. ಪಕ್ಕದ ಹಾಳೆಯಲ್ಲಿ ಸಂಬಳದ ವಿವರವೋ ಅಂಕಪಟ್ಟಿಯೋ ಇದ್ದರೆ ಡಾಕ್ಯುಮೆಂಟ್ ಪಡೆದವರೆಲ್ಲರೂ ಅದನ್ನು ತೆರೆದು ಓದಬಲ್ಲರು.

ಇಷ್ಟಾದರೂ ಸರಿಹೋಗದಿದ್ದರೆ

ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು ವರ್ಡ್ ತೆರೆದರೆ ಸೇಫ್ ಮೋಡ್‌ನಲ್ಲಿ ತೆರೆಯಲೇ ಎಂದು ಕೇಳುತ್ತದೆ. ಅಲ್ಲಿ ಆಬ್ಜೆಕ್ಟ್ ಸರಿಯಾಗಿ ಸೇರಿದರೆ ತಪ್ಪು ಯಾವುದೋ ಆ್ಯಡ್-ಇನ್‌ನದು (ವರ್ಡ್‌ಗೆ ಹೆಚ್ಚುವರಿಯಾಗಿ ಜೋಡಿಸಿದ ಚಿಕ್ಕ ತಂತ್ರಾಂಶದ್ದು) ಅಥವಾ ನಾರ್ಮಲ್ ಟೆಂಪ್ಲೇಟಿನದು. ಆ್ಯಡ್-ಇನ್‌ಗಳನ್ನು ಒಂದೊಂದಾಗಿ ನಿಷ್ಕ್ರಿಯಗೊಳಿಸಿ ನೋಡಬೇಕು. ನಾರ್ಮಲ್ ಟೆಂಪ್ಲೇಟನ್ನು ಅಳಿಸದೆ ಹೆಸರು ಬದಲಿಸಿದರೆ ವರ್ಡ್ ಹೊಸದನ್ನು ಮಾಡಿಕೊಳ್ಳುತ್ತದೆ, ಹಳೆಯದರಲ್ಲಿದ್ದ ನಿಮ್ಮ ಮ್ಯಾಕ್ರೋ ಮತ್ತು ಶೈಲಿಗಳೂ ಉಳಿದಿರುತ್ತವೆ. ಅನಂತರವೇ ರಿಪೇರಿ: 2003ರಲ್ಲಿ 'ಹೆಲ್ಪ್' ಮೆನುವಿನ 'ಡಿಟೆಕ್ಟ್ ಅಂಡ್ ರಿಪೇರ್', ನಂತರದವುಗಳಿಗೆ ಕಂಟ್ರೋಲ್ ಪ್ಯಾನಲ್‌ನಲ್ಲಿ ಆಫೀಸ್ ಆರಿಸಿ 'ಚೇಂಜ್', 'ರಿಪೇರ್'. 2003, 2007 ಮತ್ತು 2010ರ ಆವೃತ್ತಿಗಳಿಗೆ ಮೈಕ್ರೋಸಾಫ್ಟ್‌ನ ಬೆಂಬಲ ಕ್ರಮವಾಗಿ 2014, 2017 ಮತ್ತು 2020ರಲ್ಲಿ ಮುಗಿದಿರುವುದರಿಂದ ಹೊಸ ಪರಿಹಾರಗಳು ಬರುವ ನಿರೀಕ್ಷೆ ಇಡುವಂತಿಲ್ಲ.

ತಂತ್ರಾಂಶ ಸರಿಯಾಗದಿದ್ದರೂ ಮಾಹಿತಿಯನ್ನು ಹೊರತೆಗೆಯುವ ದಾರಿಯೊಂದಿದೆ. ಡಾಕ್‌ಎಕ್ಸ್ ಫೈಲ್ ನಿಜವಾಗಿ ಒಂದು ಜಿಪ್ ಗಂಟು. ಪ್ರತಿಯ ಹೆಸರಿನ ಕೊನೆಯ ವಿಸ್ತರಣೆಯನ್ನು ಜಿಪ್ ಎಂದು ಬದಲಿಸಿ ತೆರೆದರೆ, 'ವರ್ಡ್' ಫೋಲ್ಡರಿನ 'ಎಂಬೆಡಿಂಗ್ಸ್' ಒಳಗೆ ಹುದುಗಿಸಿದ ಎಕ್ಸೆಲ್ ಹಾಳೆಗಳು ಬಿಡಿ ಫೈಲುಗಳಾಗಿ ಸಿಗುತ್ತವೆ, 'ಮೀಡಿಯಾ' ಒಳಗೆ ಚಿತ್ರಗಳಿರುತ್ತವೆ. ಹಳೆಯ ಡಾಕ್ ರೂಪದ್ದಾದರೆ ಮೊದಲು ಹೊಸ ವರ್ಡ್‌ನಲ್ಲಿ ಡಾಕ್‌ಎಕ್ಸ್ ಆಗಿ ಉಳಿಸಿಕೊಳ್ಳಬೇಕು. ಬಿನ್ ವಿಸ್ತರಣೆಯ ಫೈಲ್ ಸಿಕ್ಕರೆ ಅದನ್ನು 7-ಜಿಪ್ ತಂತ್ರಾಂಶದಲ್ಲಿ ತೆರೆಯಬಹುದು; ಅಡೋಬಿ ಮೂಲಕ ಹುದುಗಿಸಿದ ಪಿಡಿಎಫ್ ಆಗಿದ್ದರೆ ಅದರೊಳಗೆ 'ಕಂಟೆಂಟ್ಸ್' ಎಂಬ ಭಾಗವಿರುತ್ತದೆ, ಅದನ್ನು ಹೊರತೆಗೆದು ಪಿಡಿಎಫ್ ವಿಸ್ತರಣೆ ಕೊಟ್ಟರೆ ಮೂಲ ಫೈಲ್ ಮರಳಿ ಕೈಸೇರುತ್ತದೆ.